ಮೂಲೆಯ ಗೊಂಬೆ

ಹೊಳೆಯ ದಂಡೆಯ ಮೇಲೆ ಒಂದು ಮಠವಿತ್ತು. ದೊಡ್ಡದೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ನೀರಿನ ಕಡೆಗೆ ಚಾಚಿಕೊಂಡ ಒಂದು ಉದ್ದನೆಯ ಚಪ್ಪರ.

ಚಪ್ಪರದ ಕೆಳಗೆ ಹಲಗೆ ಹಾಸಿತ್ತು. ಹಳೆಯ ದೋಣಿಯೊಂದು ಬಿರುಕು ಬಿಟ್ಟಾಗ ಅಂಬಿಗರು ಅದನ್ನು ಬಿಚ್ಚಿ ಮಠಕ್ಕೆ ಕೊಟ್ಟಿದ್ದರು. ಹಾಸಿನ ಆ ತುದಿಯಲ್ಲಿ ಹತ್ತು ಮರದ ಗೊಂಬೆಗಳು ನಿಂತಿರುತ್ತಿದ್ದವು: ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಯಲ್ಲಿ ನಾಲ್ಕು. ಈ ತುದಿಯಲ್ಲಿ ಒಂದು ಮರದ ಚೆಂಡು.

ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಹುಡುಗರಾಗಿದ್ದಾಗ ಇಂಗ್ಲಿಷರ ದಂಡಿದ್ದ ಊರಿನ ಕ್ಲಬ್ಬೊಂದರಲ್ಲಿ ಸಾಹೇಬರ ಬೌಲಿಂಗ್ ಆಟಕ್ಕೆ ಗೊಂಬೆ ನಿಲ್ಲಿಸುವ ಕೆಲಸಕ್ಕಿದ್ದರು. ಸಾಹೇಬರು ಹೋದರು, ಕ್ಲಬ್ಬೂ ಹೋಯಿತು, ಆಟ ಮಾತ್ರ ಅಜ್ಜಾರ ಜೊತೆ ಮಠಕ್ಕೆ ಬಂತು. ದೇವರ ಜಾಗದಲ್ಲಿ ಇದೆಂಥ ಆಟ ಎಂದು ಮೂಗು ಮುರಿದವರೂ ಇದ್ದರು. ಅವರೇ ಮರುದಿನ ಚೆಂಡು ಹಿಡಿದುಕೊಂಡು ಸರದಿಯಲ್ಲಿ ನಿಂತಿರುತ್ತಿದ್ದರು.

ಅಲ್ಲಿ ಒಂದು ರೂಢಿಯಿತ್ತು. ಅಜ್ಜಾರಿಗೆ ಏನಾದರೂ ಕೇಳುವವರು ಮೊದಲು ಚೆಂಡು ಉರುಳಿಸಬೇಕು. ಎರಡು ಸಲ. ಎರಡರೊಳಗೆ ಹತ್ತೂ ಗೊಂಬೆ ಬಿದ್ದರೆ ಕೇಳಬಹುದು. ಬೀಳದಿದ್ದರೆ ನಾಳೆ ಬರಬೇಕು.

ಹಸಿದು ಬಂದವರಿಗೆ, ಜ್ವರ ಹೊತ್ತು ಬಂದವರಿಗೆ ಈ ರೂಢಿ ಇರಲಿಲ್ಲ.

"ಮೊದಲನೇ ಚೆಂಡು ನಿನ್ನ ಹುರುಪಿಗೆ," ಅನ್ನುತ್ತಿದ್ದರು ಅಜ್ಜಾರು. "ಎರಡನೇದು ಉಳಿದದ್ದಕ್ಕ."

ಮಠದಲ್ಲಿ ಕಲ್ಮೇಶ ಎಂಬ ಶಿಷ್ಯನಿದ್ದ. ಬೆಳಿಗ್ಗೆ ಹಲಗೆಗೆ ಹರಳೆಣ್ಣೆ ಹಚ್ಚುವುದು ಅವನ ಕೆಲಸ. ಎಣ್ಣೆಯನ್ನು ಹಾಸಿನ ಮುಕ್ಕಾಲು ಭಾಗಕ್ಕೆ ಹಚ್ಚಿ, ಗೊಂಬೆಗಳ ಹತ್ತಿರದ ಹಲಗೆಯನ್ನು ಒಣದಾಗಿ ಬಿಡುವುದು ಪದ್ಧತಿ.

ಅವನ ಚೆಂಡನ್ನು ನೋಡಲೆಂದೇ ಜನ ಬರುತ್ತಿದ್ದರು. ಬಿಡುವಾಗ ಮಣಿಕಟ್ಟಿಗೆ ಒಂದು ಸಣ್ಣ ತಿರುವು ಕೊಡುತ್ತಿದ್ದ. ಚೆಂಡು ಎಣ್ಣೆಯ ಮೇಲೆ ಜಾರುತ್ತಾ ಬಲಗಡೆಯ ಅಂಚಿನವರೆಗೆ ಹೋಗುತ್ತಿತ್ತು. ಇನ್ನೇನು ಹಾಸಿನಿಂದ ಕೆಳಗೆ ಬಿತ್ತು ಅನ್ನುವಾಗ ಒಣ ಹಲಗೆ ಸಿಕ್ಕಿ, ಯಾರೋ ಹೆಸರು ಹಿಡಿದು ಕರೆದ ಹಾಗೆ ಎಡಕ್ಕೆ ಹೊರಳಿ, ಗೊಂಬೆಗಳ ನಡುವೆ ನುಗ್ಗುತ್ತಿತ್ತು.

ಒಂಬತ್ತು ಬೀಳುತ್ತಿದ್ದವು. ಬಲಮೂಲೆಯದೊಂದು ಹೆಚ್ಚಿನ ದಿನ ಹಾಗೇ ನಿಂತಿರುತ್ತಿತ್ತು.

ಕಲ್ಮೇಶನಿಗೂ ಅಜ್ಜಾರಲ್ಲಿ ಕೇಳುವುದು ಒಂದಿತ್ತು. ಕಾವಿ ಕೇಳಬೇಕಾಗಿತ್ತು. ಒಮ್ಮೆ ಕಾವಿ ಉಟ್ಟರೆ ಮುಗಿಯಿತು, ಹೊಳೆಯಾಚೆಯ ಊರು, ಮನೆ, ಮನೆಯಲ್ಲಿದ್ದ ಹೆಂಡತಿ ನೀಲವ್ವ, ಎಲ್ಲದರ ಹಂಗೂ ಹರಿಯುತ್ತದೆ. ಬಟ್ಟೆಗೆ ತಾನೇ ಕೆಮ್ಮಣ್ಣಿನ ಬಣ್ಣ ಕಟ್ಟಿ ಚಪ್ಪರದ ಹಗ್ಗದ ಮೇಲೆ ಹಾಕಿದ್ದ. ಅದು ಒಣಗಿ ಎಷ್ಟೋ ದಿನವಾಗಿತ್ತು.

ಗಂಡ ಹೆಂಡತಿಗೆ ಒಂದು ಕೂಸಿತ್ತು. ಜ್ವರ ಬಂದು ತೊಟ್ಟಿಲಲ್ಲೇ ಹೋಯಿತು. ಅದಾದ ಮೇಲೆ ಕಲ್ಮೇಶ, "ಮಠಕ್ಕ ಹೋಗಿ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಹರಿಗೋಲು ಹತ್ತಿದ್ದ. ಹೋಗಿದ್ದು ನಿಜ.

ಶಿಷ್ಯನಾದರೂ ರೂಢಿ ರೂಢಿಯೇ. ದಿನಾ ಉರುಳಿಸುತ್ತಿದ್ದ. ಮೊದಲ ಚೆಂಡಿಗೆ ಒಂಬತ್ತು. ಎರಡನೆಯದನ್ನೂ ಹಾಗೇ ತಿರುವು ಕೊಟ್ಟು, ಸುತ್ತುಬಳಸಿ ಹೋಗುವಂತೆ ಬಿಡುತ್ತಿದ್ದ. ಅದು ಮೂಲೆಯ ಗೊಂಬೆಯ ತನಕ ಹೋಗಿ, ಗೇಣು ದೂರದಲ್ಲಿ ಎಡಕ್ಕೆ ಹೊರಳಿಕೊಂಡು ಖಾಲಿ ಜಾಗದಲ್ಲಿ ಹಾದುಹೋಗುತ್ತಿತ್ತು. ಇನ್ನಷ್ಟು ಬಲಕ್ಕೆ ಬಿಟ್ಟರೆ ಅಂಚಿನಿಂದ ಕೆಳಗೆ ಬೀಳುತ್ತಿತ್ತು.

"ಇವತ್ತು ಎಣ್ಣಿ ಆರಿತ್ರಿ ಅಜ್ಜಾರ."

"ಹೌದೇನು?"

ಮರುದಿನ: "ಇಬ್ಬನಿ ಬಿದ್ದು ಹಲಗಿ ಹಸಿಯಾಗಿತ್ರಿ."

"ಆಗಿರಬೇಕು ಬಿಡು."

ಅದರ ಮರುದಿನ ತಪ್ಪನ್ನು ಬಿಸಿಲಿನ ಮೇಲೆ ಹಾಕಿದ. ಅಜ್ಜಾರು ಅದಕ್ಕೂ ತಲೆಯಾಡಿಸಿದರು.

ಒಂದು ದಿನ ಕಲ್ಮೇಶನೇ ಕೇಳಿದ. "ಅಜ್ಜಾರ, ಉಳಿದದ್ದನ್ನ ಕೆಡವಾಕ ನೆಟ್ಟಗ ಒಗೀಬೇಕೋ, ಬಳಸಿ ಒಗೀಬೇಕೋ?"

"ನನ್ನನ್ಯಾಕ ಕೇಳ್ತಿ? ನಿಂತ ಗೊಂಬೀನ ಕೇಳು."

"ಗೊಂಬಿ ಮಾತಾಡ್ತೈತೇನ್ರಿ?"

"ನೀ ನಿನ್ನ ಕೈಯನ್ನಷ್ಟ ನೋಡಕೋತ ನಿಂತ್ರ ಅದು ಹೆಂಗ ಮಾತಾಡಬೇಕು?"

ಕಲ್ಮೇಶನಿಗೆ ಅರ್ಥವಾಗಲಿಲ್ಲ. ಆದರೂ ಅರ್ಥವಾದವರ ಹಾಗೆ ಕೈಮುಗಿದ. ಶಿಷ್ಯರಿಗೆ ಇದು ಬೇಗ ರೂಢಿಯಾಗುತ್ತದೆ.

ಅವತ್ತು ಮಧ್ಯಾಹ್ನ ದಾಸೋಹದ ಊಟ ಮಾಡಿ ಕಂಬಕ್ಕೆ ಒರಗಿದವನಿಗೆ ಜೋಂಪು ಹತ್ತಿತು. ಕನಸಿನಲ್ಲಿ ಚೆಂಡು ಬಿಟ್ಟ. ಅದು ಸದ್ದಿಲ್ಲದೆ ಹೊರಳಿತು. ಹೊರಳುತ್ತಲೇ ಗೊಂಬೆಗಳನ್ನು ಬಳಸಿಕೊಂಡು ಚಪ್ಪರ ದಾಟಿ ಹೊಳೆಗೆ ಇಳಿಯಿತು. ನೀರು ಹಲಗೆಯಷ್ಟೇ ನುಣ್ಣಗಿತ್ತು. ಆಚೆ ದಂಡೆ ಹತ್ತಿತು, ಓಣಿಯಲ್ಲಿ ತಿರುಗಿತು, ಒಂದು ಮನೆಯ ಹೊಸ್ತಿಲ ಮುಂದೆ ಬಂದು ನಿಂತಿತು. ಒಳಗೆ ತೊಟ್ಟಿಲ ಹಗ್ಗ ಕಿರುಗುಡುವ ಸದ್ದು. ಚೆಂಡು ಒಳಗೆ ಹೋಗಲೊಲ್ಲದು, ಹಿಂದಕ್ಕೂ ಬರಲೊಲ್ಲದು.

ಎಚ್ಚರವಾದಾಗ ಅವನ ಮುಖ ಒದ್ದೆಯಾಗಿತ್ತು. ಇನ್ನು ತಡಮಾಡಬಾರದು, ನಾಳೆಯೇ ಕಾವಿ ಉಡಬೇಕು ಎಂದುಕೊಂಡ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಎಣ್ಣೆ ಹಚ್ಚಿದ. ಈ ಸಲ ಬಲಗಡೆಯ ಅಂಚಿಗೆ ಮೂಲೆಯ ಗೊಂಬೆಯ ಬುಡದವರೆಗೂ ಹಚ್ಚಿದ. ಒಣ ಹಲಗೆಯೇ ಸಿಗದಿದ್ದರೆ ಚೆಂಡು ಹೊರಳುವುದೆಲ್ಲಿಂದ? ಬಳಸಿ ಬಿಟ್ಟ ಚೆಂಡೇ ಮೂಲೆಗೆ ಹೋಗಿ ಮುಟ್ಟುತ್ತದೆ. ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಅಜ್ಜಾರು ಬಂದರು. ಹಾಸಿನ ಕೊನೆಯವರೆಗೂ ನಡೆದು, ಕಾಲಿನ ಹೆಬ್ಬೆರಳಿನಿಂದ ಹಲಗೆಯನ್ನು ಒಮ್ಮೆ ಸವರಿದರು.

"ಎಣ್ಣಿ ಹಲಗಿಗೆ ಹಚ್ಚಿಯೋ, ನಿನ್ನ ಆಟಕ್ಕ ಹಚ್ಚಿಯೋ?"

ಕಲ್ಮೇಶ ತಲೆ ತಗ್ಗಿಸಿದ.

"ಬೂದಿ ತಗೊಂಡು ಬಾ. ಒರಸು."

ಅವನು ಮೊಣಕಾಲೂರಿ ಬೂದಿ ಹಾಕಿ ಒರೆಸುತ್ತಿದ್ದಾಗ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆಚೆ ದಂಡೆ ಇಲ್ಲವೇ ಇಲ್ಲ ಅನ್ನುವ ಹಾಗಿತ್ತು. ಮಂಜಿನೊಳಗೆಲ್ಲೋ ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿಸಿತು. ಒಂದು ಹರಿಗೋಲು ಮೆಲ್ಲಗೆ ಕಂಡಿತು. ಅದರಿಂದ ಒಬ್ಬಳು ಹೆಣ್ಣುಮಗಳು ಇಳಿದಳು.

ಮುಖ ಕಾಣಿಸುವ ಮೊದಲೇ ಅವನಿಗೆ ನಡಿಗೆ ಗುರುತು ಸಿಕ್ಕಿತು. ನೀಲವ್ವ.

ಒರೆಸುವ ಬಟ್ಟೆ ಅವನ ಕೈಯಲ್ಲೇ ಉಳಿಯಿತು. ಗೊಂಬೆ ನಿಲ್ಲಿಸುವ ನೆವದಲ್ಲಿ ಹಾಸಿನ ಆ ತುದಿಗೆ ಹೋಗಿ ಬೆನ್ನು ಬಗ್ಗಿಸಿದ. ಅವಳು ನೋಡಿದಳು. ನೋಡದವಳ ಹಾಗೆ ಅಜ್ಜಾರ ಕಾಲಿಗೆ ಎರಗಿದಳು.

"ಅಜ್ಜಾರ, ಒಂದು ಮಾತು ಕೇಳೋದೈತ್ರಿ."

"ನಮ್ಮಲ್ಲಿ ಒಂದು ರೂಢಿ ಐತಿ, ಯವ್ವಾ."

"ಗೊತ್ತೈತ್ರಿ. ಹೊಳಿ ಆಚೆ ಎಲ್ಲಾರಿಗೂ ಗೊತ್ತೈತಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಚೆಂಡು ಎತ್ತಿಕೊಂಡಳು. ಹಗ್ಗದ ಮೇಲಿದ್ದ ಕಾವಿ ಬಟ್ಟೆ ಅವಳ ತಲೆಗೆ ತಾಗಿತು.

"ಇದು ಯಾರದ್ರಿ?"

ಆ ತುದಿಯಲ್ಲಿ ಕಲ್ಮೇಶ ಇನ್ನಷ್ಟು ಬಗ್ಗಿದ. ಅವಳಿಗೆ ತಿಳಿಯಿತು.

ಮೊದಲ ಚೆಂಡು ಬಿಟ್ಟಳು. ತಿರುವು ಗಿರುವು ಏನೂ ಇಲ್ಲ. ಮೊರದಲ್ಲಿದ್ದ ಕಾಳು ಸುರಿಯುವವಳ ಹಾಗೆ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದಳು. ಚೆಂಡು ಹೋದ ದಾರಿ ದಾರ ಹಿಡಿದ ಹಾಗಿತ್ತು. ಎಂಟು ಬಿದ್ದವು. ಎಡಗಡೆ ಒಂದು ಗೊಂಬೆ ನಿಂತಿತ್ತು. ಅದರ ಬೆನ್ನಿಗೇ, ಕಂಡೂ ಕಾಣದ ಹಾಗೆ, ಇನ್ನೊಂದು.

ಕಲ್ಮೇಶ ಅದನ್ನು ನೋಡಿ ಬಾಯಿ ತೆರೆದ. ನೆಟ್ಟಗೆ ಹೋದ ಚೆಂಡು ಮುಂದಿನದಕ್ಕೆ ತಾಗಿ ಪಕ್ಕಕ್ಕೆ ಸಿಡಿಯುತ್ತದೆ, ಹಿಂದಿನದು ಹಾಗೇ ಉಳಿಯುತ್ತದೆ. ತಿರುಗುವ ಚೆಂಡಾದರೆ ಒಳಕ್ಕೆ ಒತ್ತಿಕೊಂಡು ಹೋಗಿ ಎರಡನ್ನೂ ಕೆಡವುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಕೆಡವುವ ಜೋಡಿ ಅದು. ಹೇಳಬೇಕು ಅನ್ನಿಸಿತು. ಆದರೆ ಮಾತಾಡಿದರೆ ಅವಳು ತನ್ನ ಕಡೆ ನೋಡುತ್ತಾಳಲ್ಲ ಎಂದು ಬಾಯಿ ಮುಚ್ಚಿದ.

ನೀಲವ್ವ ಎರಡನೆಯದನ್ನೂ ನೆಟ್ಟಗೆ ತಳ್ಳಿದಳು. ಮುಂದಿನ ಗೊಂಬೆ ಬಿತ್ತು. ಚೆಂಡು ಪಕ್ಕಕ್ಕೆ ಸರಿಯಿತು. ಹಿಂದಿನದು ಸ್ವಲ್ಪ ತೂಗಾಡಿ ನಿಂತುಕೊಂಡಿತು.

"ನಾಳೆ ಬಾ, ಯವ್ವಾ."

"ಬರ್ತೀನ್ರಿ." ಅವಳು ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. "ಇವತ್ತು ಬರೋದು ಕಷ್ಟ ಆಗಿತ್ತು. ನಾಳೆ ಇನ್ನೂ ಕಷ್ಟ ಆಕ್ಕೈತ್ರಿ. ಆದ್ರೂ ಬರ್ತೀನಿ."

ಕಲ್ಮೇಶನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಅವನಿಗೆ ಮೊದಲು ತೋಚುತ್ತಿದ್ದದ್ದು ಯಾವಾಗಲೂ ಅದೇ.

"ಕಲ್ಮೇಶಿ," ಅಜ್ಜಾರು ಕರೆದರು. "ಇವತ್ತು ನಿನ್ನ ಸರದಿ ಉಳಿದೈತಲ್ಲ. ಬಾ."

ಅವನು ಉಳಿದ ಎಣ್ಣೆ ಒರೆಸಿ, ಹತ್ತೂ ಗೊಂಬೆ ಮತ್ತೆ ನಿಲ್ಲಿಸಿ ಬಂದ. ನೀಲವ್ವ ಹಾಸಿನ ಎಡಗಡೆಗೆ ಸರಿದು ನಿಂತಳು. ಅವನು ಎಂದಿನಂತೆ ಬಲಗಡೆ ನಿಂತ. ದಿನಾ ನಿಂತು ನಿಂತು ಅಲ್ಲಿ ಹಲಗೆ ಸವೆದಿತ್ತು.

ಮೊದಲ ಚೆಂಡು ಜಾರಿತು, ಅಂಚು ಮುಟ್ಟಿತು, ಹೊರಳಿತು. ಒಂಬತ್ತು ಗೊಂಬೆಗಳು ಒಂದರ ಮೇಲೊಂದು ಬಿದ್ದವು. ಸದ್ದು ಹೊಳೆಯ ಮೇಲೆ ತುಂಬ ದೂರ ಹೋಯಿತು.

"ಚಂದ ಐತಿ," ಅಂದಳು ನೀಲವ್ವ. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಬಲಮೂಲೆಯಲ್ಲಿ ಒಂದು ಗೊಂಬೆ ನಿಂತಿತ್ತು. ಕಲ್ಮೇಶ ಚೆಂಡು ಹಿಡಿದು ಅಜ್ಜಾರ ಕಡೆ ಬಾಗಿದ. ಅಜ್ಜಾರಿಗಷ್ಟೇ ಕೇಳುವ ಹಾಗೆ ಅಂದ:

"ಬಿದ್ರ?"

"ಬಿದ್ರ ನೀ ಕೇಳಿದ್ದು ಕೊಡ್ತೀನಿ. ಬಟ್ಟಿ ಹೆಂಗೂ ಒಣಗೇತಿ."

"ಬೀಳದಿದ್ರ?"

"ನಾಳೆ ಮತ್ತ ಎಣ್ಣಿ ಹಚ್ಚು."

ಮಂಜು ಚಪ್ಪರದೊಳಕ್ಕೂ ಬಂದಿತ್ತು. ಗೊಂಬೆಯೊಂದನ್ನು ಬಿಟ್ಟು ಆ ತುದಿಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಕಲ್ಮೇಶ ಮೊದಲ ಸಲ ತನ್ನ ಕೈ ನೋಡುವುದು ಬಿಟ್ಟು ಅದನ್ನು ನೋಡಿದ. ಸಣ್ಣ ಗೊಂಬೆ. ಎದ್ದು ನಿಲ್ಲಲು ಕಲಿತ ಕೂಸಿನಷ್ಟು ಎತ್ತರ. ಯಾರಾದರೂ ಬರಲಿ ಎಂದು ಕಾಯುವ ಹಾಗೆ ನಿಂತಿತ್ತು.

"ಬಳಸಿ ಒಗದ್ರ ಇದು ಬೀಳಂಗಿಲ್ಲ ಅಂತ ನಂಗ ಗೊತ್ತೈತ್ರಿ ಅಜ್ಜಾರ."

"ಯಾವಾಗಿಂದ ಗೊತ್ತೈತಿ?"

ಅವನು ಕೈಯಲ್ಲಿದ್ದ ಚೆಂಡನ್ನು ಒಮ್ಮೆ ಒರೆಸಿದ.

"ಮೊದಲಿಂದ್ಲೂ ಗೊತ್ತೈತ್ರಿ. ಬಳಸಿ ಒಗದು ತಪ್ಪಿದ್ರ ಎಣ್ಣಿ ಮ್ಯಾಲೆ ಹಾಕಬಹುದು. ಬಿಸಿಲಿನ ಮ್ಯಾಲೆ ಹಾಕಬಹುದು. ನೆಟ್ಟಗ ಒಗದು ತಪ್ಪಿದ್ರ ಅದು ನಂದ. ಬಿದ್ರೂ ನಂದ."

"ಹಂಗಾರ ತಪ್ಪಲಿ ಅಂತ ಒಗೀತಿದ್ದಿ."

"ಹೌದ್ರಿ."

"ಕಾವಿನೂ ಬೇಕು, ಕಾವಿ ಸಿಗಬಾರದು."

"ಹೌದ್ರಿ. ಇಲ್ಲೂ ಇರಾಕ ಆಗಂಗಿಲ್ಲ, ಅಲ್ಲೂ ಹೋಗಾಕ ಆಗಂಗಿಲ್ಲ. ದಿನಾ ಒಂದು ಗೊಂಬಿ ಉಳಿದ್ರ ದಿನಾ ಹಿಂಗ ಇರಬಹುದು."

ಅಜ್ಜಾರು ನಗಲಿಲ್ಲ. "ನಿನ್ನ ಕೈಗೆ ಬರೋ ತಿರುವು ಆಗ ಆಕಿಗೆ ಬೇಕಾಗಿತ್ತು. ಆಕಿ ಕೈಗೆ ಬರೋ ನೆಟ್ಟನ ಚೆಂಡು ಈಗ ನಿಂಗ ಬೇಕಾಗೈತಿ," ಅಂದರು. "ನಿಂತ ಜಾಗ ಬಿಡು."

ಕಲ್ಮೇಶ ಸವೆದ ಹಲಗೆಯಿಂದ ಕಾಲು ತೆಗೆದ. ಹಾಸನ್ನು ದಾಟಿ ಎಡಗಡೆಗೆ ಬಂದ. ಅಲ್ಲಿ ನೀಲವ್ವ ಇದ್ದಳು. ಅವಳ ಎಣ್ಣೆ ಹಾಕದ ಕೂದಲು, ಬತ್ತಿದ ಗಲ್ಲ ಹತ್ತಿರದಿಂದ ಕಂಡವು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು.

ಅಲ್ಲಿಂದ ಮೂಲೆಯ ಗೊಂಬೆಗೆ ಹಾಸಿನ ಉದ್ದಕ್ಕೂ ಓರೆಯಾಗಿ ಒಂದು ಗೆರೆ. ದಾರಿಯಲ್ಲಿ ಏನೂ ಇರಲಿಲ್ಲ.

ಮಣಿಕಟ್ಟು ತಿರುಗಿಸದೆ ಬಿಟ್ಟ. ಚೆಂಡಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಎಣ್ಣೆಯ ಮೇಲೆ ಹೇಗೆ ಹೋಯಿತೋ ಒಣ ಹಲಗೆಯ ಮೇಲೂ ಹಾಗೇ ಹೋಯಿತು. ಗೊಂಬೆ ಬಿತ್ತು.

ಹತ್ತೂ ಬಿದ್ದಿದ್ದವು. ಆ ತುದಿಯಲ್ಲಿ ಬರೀ ಮಂಜು.

"ಕೇಳು," ಅಂದರು ಅಜ್ಜಾರು.

ಕಲ್ಮೇಶ ಕಾವಿಯ ಕಡೆ ನೋಡಿದ. ಹೊಳೆಯ ಕಡೆ ನೋಡಿದ. ಆಮೇಲೆ, "ನನ್ನ ಸರದಿ ಈಕಿಗೆ ಕೊಡ್ತೀನ್ರಿ," ಅಂದ. "ಈಕಿ ಕೇಳಲಿ."

ಅಜ್ಜಾರು ನೀಲವ್ವನ ಕಡೆ ತಿರುಗಿದರು. ಅವಳು ಕೈ ಜೋಡಿಸಿದಳು.

"ಅಜ್ಜಾರ, ಇವರು ಮನೀಗೆ ಬರ್ತಾರೋ ಇಲ್ಲೋ? ಬರಂಗಿಲ್ಲ ಅಂದ್ರ ಹಂಗಂತ ಹೇಳ್ರಿ. ಸಂಜಿಗೊಮ್ಮೆ ದಂಡಿಗೆ ಬಂದು ಹರಿಗೋಲು ನೋಡೋದು ಬಿಡ್ತೀನಿ."

"ಇದನ್ನ ನನ್ನನ್ಯಾಕ ಕೇಳ್ತಿ, ಯವ್ವಾ? ಅಂವ ಇಲ್ಲೇ ನಿಂತಾನ."

ಅವಳು ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಬರ್ತೀರೇನು?"

"ಅದು ಹಂಗಲ್ಲ ನೀಲಾ, ನಾ ಇಲ್ಲಿಗೆ ಬಂದಾಗ ನನ್ನ ಮನಸು..."

ಮಾತನ್ನು ಅವನಾಗಿಯೇ ಅಲ್ಲಿಗೆ ನಿಲ್ಲಿಸಿದ.

"ನಂಗ ಹೆದರಿಕಿ ಆಕ್ಕೈತಿ," ಅಂದ. "ಆ ತೊಟ್ಟಿಲು ನೋಡಾಕ ಆಗಂಗಿಲ್ಲ ನಂಗ. ಮಲ್ಲೂನ ತೊಟ್ಟಿಲು."

ಕೂಸು ಹೋದಾಗಿನಿಂದ ಅವನು ಆ ಹೆಸರು ಹೇಳಿರಲಿಲ್ಲ. ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ನಂಗೂ ನೋಡಾಕ ಆಗಂಗಿಲ್ಲ," ಅಂದಳು. "ಒಬ್ಬಾಕಿಗೆ ಅದನ್ನ ಬಿಚ್ಚಿ ಇಡಾಕೂ ಆಗವಲ್ದು. ಅದಕ್ಕ ಬಂದೀನಿ."

ಹಾಸಿನ ಅಂಚಿಗೆ ಕುಳಿತು ಇಬ್ಬರೂ ಅತ್ತರು. ಅಜ್ಜಾರು ಎದ್ದು ಆ ತುದಿಗೆ ಹೋಗಿ, ಬಿದ್ದ ಗೊಂಬೆಗಳನ್ನು ತಾವೇ ಒಂದೊಂದಾಗಿ ಎತ್ತಿ ನಿಲ್ಲಿಸಿದರು. ಹುಡುಗರಾಗಿದ್ದಾಗ ಮಾಡುತ್ತಿದ್ದ ಕೆಲಸ, ಕೈ ಮರೆತಿರಲಿಲ್ಲ.

ಬಿಸಿಲು ಬಂದ ಮೇಲೆ ಅಡುಗೆಮನೆಯವರು ರೊಟ್ಟಿ, ಪಲ್ಯ, ಒಂದಿಷ್ಟು ಜೋಳ ಕಟ್ಟಿಕೊಟ್ಟರು. ಅಂಬಿಗ ಹರಿಗೋಲನ್ನು ದಂಡೆಗೆ ತಂದ. ನೀಲವ್ವ ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ನೀರಿಗಿಳಿದಳು.

ಕಲ್ಮೇಶ ಮಾತ್ರ ದಂಡೆಯ ಮೇಲೆಯೇ ಇದ್ದ. ಅಜ್ಜಾರ ಪಾದ ಮುಟ್ಟಿದವನು ಏಳಲಿಲ್ಲ.

"ಅಜ್ಜಾರ, ಇನ್ನೊಂದು ಕೇಳ್ಲೇನ್ರಿ? ಉರುಳಸಾಕ ಹೊತ್ತಿಲ್ಲ."

"ಕೇಳು."

"ಮನೀಗೆ ಹೋದ ಮ್ಯಾಲೆ ಆಕಿ ಜೋಡಿ ಹೆಂಗ ಮಾತಾಡ್ಲಿ? ಒಂದು ದುಃಖದ ಹಿಂದ ಇನ್ನೊಂದು ನಿಂತೈತಿ. ನೆಟ್ಟಗ ಆಡ್ಲೋ, ಬಳಸಿ ಆಡ್ಲೋ?"

ಅಜ್ಜಾರು ಹೊಳೆಯ ಕಡೆ ನೋಡಿದರು. ಮೊಣಕಾಲುದ್ದ ನೀರಿನಲ್ಲಿ ನೀಲವ್ವ ಹರಿಗೋಲಿನ ಅಂಚು ಹಿಡಿಯಲು ನೋಡುತ್ತಿದ್ದಳು. ಹಿಡಿಯಲು ಕೈ ಖಾಲಿ ಇರಲಿಲ್ಲ.

"ಮೊದಲು ಹೋಗಿ ಆಕಿ ಕೈಯಾಗಿನ ಗಂಟು ತಗೋ."